ನಡುವಿನ ಚೆಂಡು

ನಾವಿಬ್ಬರೂ ಜೊತೆಯಾಗಿ ಟೆನಿಸ್ ಡಬಲ್ಸ್ ಆಡಿದ್ದು ಆರು ವರ್ಷ. ಮೊದಲ ನಾಲ್ಕು ವರ್ಷ ಎಲ್ಲರಂತೆ ಆಡಿದೆವು. ಕೊನೆಯ ಎರಡು ವರ್ಷ ಆಡಿದ್ದು ಬೇರೆಯೇ ಆಟ. ಅದು ನಮ್ಮಿಬ್ಬರನ್ನೂ ಕ್ಲಬ್ಬಿನ ಮಾರ್ಕರನ್ನೂ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಗಾಂಧಿಬಜಾರಿನ ಹಿಂದಿನ ಒಂದು ಅಡ್ಡರಸ್ತೆಯಲ್ಲಿ ನಮ್ಮ ಬಾಡಿಗೆ ಮನೆ. ಅಪ್ಪ ಸರ್ಕಾರಿ ನೌಕರರು. ಸಂಜೆ ಇಸ್ಪೀಟಾಡಲೆಂದೇ ಹತ್ತಿರದ ಕ್ಲಬ್ಬೊಂದರ ಮೆಂಬರಾಗಿದ್ದರು. ಆ ಕ್ಲಬ್ಬಿನಲ್ಲಿ ಎರಡು ಮಣ್ಣಿನ ಕೋರ್ಟುಗಳಿದ್ದವು. ಬೆಳಿಗ್ಗೆ ಎಂಟರವರೆಗೆ ಒಂದು ಕೋರ್ಟು ಹೆಂಗಸರಿಗೆ ಎಂದು ನಿಯಮವಿತ್ತು. ಆದರೆ ಆಡುವ ಹೆಂಗಸರೇ ಇರಲಿಲ್ಲ. ನಾನು ಬಿ.ಎ. ಓದುವಾಗ ಒಂದು ದಿನ ಅಪ್ಪನೇ ತಮಾಷೆಗೆ, "ಖಾಲಿ ಬಿದ್ದಿದೆ, ಹೋಗಿ ಆಡ್ಕೋ" ಎಂದರು. ಕಾಲೇಜಿನಲ್ಲಿ ನನಗಿಂತ ಒಂದು ವರ್ಷ ಮುಂದಿದ್ದ ಗೆಳತಿಯನ್ನು ಕೇಳಿದೆ. ಅವಳು ಥ್ರೋಬಾಲಿನಲ್ಲಿ ಎತ್ತಿದ ಕೈ. "ಬರ್ತೀನಿ, ಆದ್ರೆ ಆ ಗಿಡ್ಡ ಸ್ಕರ್ಟ್ ಎಲ್ಲ ಹಾಕಲ್ಲ ಕಣೇ, ನಮ್ಮಮ್ಮ ಮನೆಯಿಂದ ಆಚೆ ಹಾಕ್ತಾಳೆ" ಎಂದಳು. ಇಬ್ಬರೂ ಬಿಳಿ ಸಲ್ವಾರ್ ಜುಬ್ಬ ಹೊಲಿಸಿಕೊಂಡೆವು.

ಅವಳ ಮನೆ ಚಾಮರಾಜಪೇಟೆಯಲ್ಲಿ. ತಂದೆಗೆ ಪೇಟೆಯಲ್ಲಿ ಬಟ್ಟೆ ಅಂಗಡಿ. ಲಿಂಗಾಯತರ ಮನೆ, ಬೆಳಗಿನ ಪೂಜೆಯಾಗದೆ ಯಾರೂ ಬಾಯಿಗೆ ಒಂದು ತೊಟ್ಟು ನೀರು ಹಾಕುತ್ತಿರಲಿಲ್ಲ. ಅವಳು ಐದಕ್ಕೇ ಎದ್ದು ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಸೈಕಲ್ ಹತ್ತುತ್ತಿದ್ದಳು. ನಾನು ಕ್ಲಬ್ಬಿನ ಗೇಟು ತಲುಪುವ ಹೊತ್ತಿಗೆ ಅವಳು ನೆಟ್ ಕಟ್ಟುತ್ತಿರುತ್ತಿದ್ದಳು. ಓದು ಮುಗಿದ ಮೇಲೆ ನನಗೆ ಬ್ಯಾಂಕಿನಲ್ಲಿ ಕೆಲಸವಾಯಿತು, ಅವಳಿಗೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಟ್ರಂಕ್ ಆಪರೇಟರ್ ಕೆಲಸ. ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ದೊಡ್ಡ ಬೋರ್ಡಿನ ಮುಂದೆ ಕೂತು, ಯಾವ ದೀಪ ಹತ್ತಿಕೊಂಡಿತೋ ಆ ತೂತಿಗೆ ವೈರು ಚುಚ್ಚಿ ಊರಿಗೆ ಊರು ಸೇರಿಸುವ ಕೆಲಸ. ಅವಳಿಗೆ ಅದು ತುಂಬಾ ಇಷ್ಟವಿತ್ತು. "ಆ ಕಡೆಯವರು ಹಲೋ ಅನ್ನೋ ರೀತಿಲೇ ಸಾವಿನ ಸುದ್ದಿನೋ ಮದುವೆ ಸುದ್ದಿನೋ ಗೊತ್ತಾಗೋಗತ್ತೆ" ಎನ್ನುತ್ತಿದ್ದಳು.

ನಮಗೆ ಆಟ ಕಲಿಸಿದವರು ಮಾರ್ಕರು. ಮಾರ್ಕರ್ ಎಂದರೆ ಕ್ಲಬ್ಬು ಸಂಬಳ ಕೊಟ್ಟು ಇಟ್ಟುಕೊಂಡ ಆಟಗಾರ. ಮೆಂಬರುಗಳಿಗೆ ಜೊತೆ ಸಿಗದಿದ್ದಾಗ ಅವರೊಂದಿಗೆ ಆಡಬೇಕು, ಹೊಸಬರಿಗೆ ಹೇಳಿಕೊಡಬೇಕು, ಕೋರ್ಟಿಗೆ ನೀರು ಚಿಮುಕಿಸಿ ರೋಲರ್ ಎಳೆಸಬೇಕು. ನಮ್ಮ ಮಾರ್ಕರು ಮಾವಳ್ಳಿಯವರು, ಐವತ್ತು ದಾಟಿದವರು. ಮಾತು ಕಡಿಮೆ. ನಾವು ಅವರನ್ನು ಮಾಸ್ಟ್ರೇ ಎನ್ನುತ್ತಿದ್ದೆವು, ಅವರು ನಮ್ಮನ್ನು ಅಮ್ಮಾ ಎನ್ನುತ್ತಿದ್ದರು.

ಮೊದಲ ತಿಂಗಳು ಅವರು ನಮ್ಮ ಕೈಗೆ ಚೆಂಡೇ ಕೊಡಲಿಲ್ಲ. ಇಬ್ಬರ ಸೊಂಟಕ್ಕೂ ಒಂದು ಹಗ್ಗ ಕಟ್ಟಿ ನಿಲ್ಲಿಸಿದರು. ಹಗ್ಗ ಹತ್ತಡಿ ಉದ್ದವಿತ್ತು. ಅವರು ಬರಿಗೈಯಲ್ಲಿ ಆ ಕಡೆ ಈ ಕಡೆ ತೋರಿಸುತ್ತಿದ್ದರು, ನಾವು ಆ ಕಡೆ ಈ ಕಡೆ ಓಡಬೇಕು. ಹಗ್ಗ ಬಿಗಿಯಲೂ ಬಾರದು, ನೆಲಕ್ಕೆ ತಾಗಲೂ ಬಾರದು. "ಅವರು ಎಡಕ್ಕೆ ಹೋದ್ರೆ ನೀವೂ ಎಡಕ್ಕೆ ಹೋಗ್ಬೇಕಮ್ಮ. ನೀವು ಅಲ್ಲೇ ನಿಂತ್ರೆ ಮಧ್ಯ ಬಾಗಿಲು ತೆಗೆದಿಟ್ಟ ಹಾಗೆ" ಎನ್ನುತ್ತಿದ್ದರು. ಕ್ಲಬ್ಬಿನ ಹಿರಿಯರು ಬೇಲಿಯಾಚೆ ನಿಂತು ನಗುತ್ತಿದ್ದರು.

ಆಮೇಲೆ ಜಾಗ ಹಂಚಿದರು. ಅವಳು ಕೋರ್ಟಿನ ಎಡಭಾಗಕ್ಕೆ, ನಾನು ಬಲಭಾಗಕ್ಕೆ. ಎಡಗಡೆ ನಿಂತ ಬಲಗೈ ಆಟಗಾರ್ತಿಗೆ ನಡುವೆ ಬರುವ ಚೆಂಡು ಬಲಗೈಗೇ ಸಿಗುತ್ತದೆ. ಹೀಗಾಗಿ ನಡುವಿನ ಚೆಂಡು ಯಾವಾಗಲೂ ಅವಳದ್ದು. ಡಬಲ್ಸ್‌ನಲ್ಲಿ ಜಗಳ ಹುಟ್ಟುವುದೇ ಈ ಚೆಂಡಿನಿಂದ. ಇಬ್ಬರೂ ಹೋದರೆ ರಾಕೆಟ್ಟಿಗೆ ರಾಕೆಟ್ಟು ಬಡಿಯುತ್ತದೆ, ಇಬ್ಬರೂ ಬಿಟ್ಟರೆ ಚೆಂಡು ಸುಮ್ಮನೆ ಹಾದುಹೋಗುತ್ತದೆ, ಆಮೇಲೆ ಒಬ್ಬರ ಮುಖ ಒಬ್ಬರು ನೋಡಬೇಕು. ನಮಗೆ ಆ ತೊಂದರೆ ಬರಲೇ ಇಲ್ಲ. ನಾನು ಹಿಂದಿನ ಗೆರೆಯ ಬಳಿ ನಿಂತು ಬಂದದ್ದನ್ನೆಲ್ಲ ತಪ್ಪಿಲ್ಲದೆ ಹಿಂತಿರುಗಿಸುತ್ತಿದ್ದೆ. ಅವಳು ನೆಟ್ಟಿನ ಬಳಿ ಕಾಯುತ್ತಿದ್ದಳು. ನಾನು ಸರ್ವ್ ಮಾಡುವ ಮೊದಲು ಅವಳು ಬೆನ್ನ ಹಿಂದೆ ಕೈ ತೋರಿಸುವಳು. ಅಂಗೈ ಬಿಚ್ಚಿದ್ದರೆ ಅಡ್ಡ ಹಾರಿ ಹೊಡೆಯುತ್ತೇನೆ ಎಂದು, ಮುಷ್ಟಿ ಹಿಡಿದಿದ್ದರೆ ಜಾಗ ಬಿಡುವುದಿಲ್ಲ ಎಂದು. ಅಂಗೈ ಬಿಚ್ಚಿದ ದಿನಗಳೇ ಜಾಸ್ತಿ. ಎದುರಾಳಿ ಚೆಂಡು ಹೊಡೆಯುವ ಮೊದಲೇ ಅವಳು ಹೊರಟುಬಿಡುತ್ತಿದ್ದಳು. ಅಷ್ಟು ವೇಗವಾಗಿ ಓಡುವ ಹೆಂಗಸನ್ನು ನಾನು ಆಮೇಲೆ ನೋಡಿಲ್ಲ.

ಎರಡನೇ ವರ್ಷದಿಂದ ಗೆಲ್ಲತೊಡಗಿದೆವು. ಕ್ಲಬ್ಬು ಕ್ಲಬ್ಬುಗಳ ನಡುವಿನ ಪಂದ್ಯಗಳು, ಇಲಾಖೆಗಳ ಪಂದ್ಯಗಳು. ಮೈಸೂರಿಗೂ ಹುಬ್ಬಳ್ಳಿಗೂ ರೈಲಿನಲ್ಲಿ ಹೋಗಿ ಬಂದೆವು. ರಾಜ್ಯಮಟ್ಟದಲ್ಲಿ ಒಮ್ಮೆ ಸೆಮಿಫೈನಲ್‌ವರೆಗೆ ತಲುಪಿದೆವು. ನಮ್ಮದೇನೂ ದೊಡ್ಡ ಹೆಸರಲ್ಲ. ಆದರೂ ಬಸವನಗುಡಿಯಲ್ಲಿ ತರಕಾರಿ ಕೊಳ್ಳುವಾಗ ಯಾರಾದರೂ, "ನೀವು ಆ ಟೆನಿಸ್ ಹುಡ್ಗೀರಲ್ವಾ?" ಎಂದು ಕೇಳುವಷ್ಟಾಗಿತ್ತು.

ನಾಲ್ಕನೇ ವರ್ಷದ ಡಿಸೆಂಬರಿನಲ್ಲಿ ಅವಳು ತಡವಾಗಿ ಬರತೊಡಗಿದಳು. ಐದೂಮುಕ್ಕಾಲಿಗೆ ಬರುತ್ತಿದ್ದವಳು ಆರೂವರೆಗೆ, ಅದೂ ಸೈಕಲ್ಲಿಲ್ಲದೆ ಬಸ್ಸಿನಲ್ಲಿ. ಕೇಳಿದರೆ ಚಳಿ ಎನ್ನುತ್ತಿದ್ದಳು. ಆಟದಲ್ಲೂ ಏನೋ ಸರಿಯಿರಲಿಲ್ಲ. ಎದುರಿಗೆ ಬಂದ ಚೆಂಡನ್ನು ಮೊದಲಿನಷ್ಟೇ ಚೆನ್ನಾಗಿ ಹೊಡೆಯುತ್ತಿದ್ದಳು. ಪಕ್ಕದಲ್ಲಿ ಎರಡು ಮಾರು ದೂರ ಹೋದ ಚೆಂಡಿಗೆ ತಿರುಗಿಯೂ ನೋಡುತ್ತಿರಲಿಲ್ಲ. ಸೋಮಾರಿಯಾಗಿದ್ದಾಳೆ ಎಂದುಕೊಂಡೆ. ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿರಬೇಕು, ಆಟದ ಮೇಲೆ ಮನಸ್ಸಿಲ್ಲ ಎಂದುಕೊಂಡೆ. ಒಂದು ದಿನ ಕೂಗಾಡಿಯೇಬಿಟ್ಟೆ.

"ಆಡೋ ಮನಸ್ಸಿಲ್ದಿದ್ರೆ ಹೇಳ್ಬಿಡು. ಒಬ್ಬಳೇ ಎಷ್ಟು ಅಂತ ಓಡ್ಲಿ?"

ಅವಳು ರಾಕೆಟ್ ಎತ್ತಿಕೊಂಡು ಹೊರಟಳು. ಕೋರ್ಟಿನ ಪಕ್ಕದಲ್ಲಿ ಕಲ್ಲಿನ ರೋಲರ್ ಯಾವಾಗಲೂ ನಿಂತಿರುವ ಜಾಗದಲ್ಲೇ ನಿಂತಿತ್ತು. ಅವಳು ಅದಕ್ಕೆ ಸೀದಾ ಹೋಗಿ ಎಡವಿ ಬೋರಲು ಬಿದ್ದಳು. ಓಡಿಹೋಗಿ ಎಬ್ಬಿಸಿದೆ. ಮೊಣಕಾಲು ತರಚಿತ್ತು. ಅವಳು ಅಳುತ್ತಿದ್ದುದು ಮೊಣಕಾಲಿಗಲ್ಲ ಎಂದು ನನಗೆ ಗೊತ್ತಾಯಿತು.

ಅಂದು ಇಬ್ಬರೂ ಕೆಲಸಕ್ಕೆ ರಜೆ ಹಾಕಿದೆವು. ಲಾಲ್‌ಬಾಗಿನ ಒಂದು ಬೆಂಚಿನ ಮೇಲೆ ಕೂತು ಅವಳು ಎಲ್ಲವನ್ನೂ ಹೇಳಿದಳು. ಅವಳ ತಮ್ಮನಿಗೆ ಚಿಕ್ಕಂದಿನಿಂದಲೂ ಮಬ್ಬು ಬೆಳಕಿನಲ್ಲಿ ಕಾಣುತ್ತಿರಲಿಲ್ಲ. ಹೋದ ವರ್ಷ ಅವನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾಗ ಡಾಕ್ಟರು ಅಕ್ಕನನ್ನೂ ಕೂರಿಸಿ ನೋಡಿದರು. ಕಣ್ಣಿನ ಹಿಂದಿನ ಪರದೆ ಅಂಚಿನಿಂದ ಹಾಳಾಗುತ್ತ ಬರುವ ಕಾಯಿಲೆ. ಮೊದಲು ಮಬ್ಬಿನಲ್ಲಿ ಕಾಣುವುದಿಲ್ಲ, ಆಮೇಲೆ ಪಕ್ಕದ್ದು ಕಾಣುವುದಿಲ್ಲ, ಕೊನೆಗೆ ಎದುರಿನದೂ ಕಾಣುವುದಿಲ್ಲ.

"ಅಪ್ಪ ಅಮ್ಮ ಸಂಬಂಧದಲ್ಲೇ ಮದುವೆ ಆಗಿದಾರಾ ಅಂತ ಕೇಳಿದ್ರು ಡಾಕ್ಟ್ರು. ಅಪ್ಪ ನಮ್ಮಮ್ಮನ ಸೋದರಮಾವ ತಾನೆ? ಹೂಂ ಅಂದೆ. ಅವರು ಬರ್ಕೊಂಡ್ರು."

"ಔಷಧಿ?"

"ಇಲ್ವಂತೆ. ಅಮ್ಮ ದಿನಾ ಹೊನಗೊನ್ನೆ ಸೊಪ್ಪು ಮಾಡಿ ಹಾಕ್ತಿದಾಳೆ. ಕ್ಯಾರೆಟ್ ತಿಂದು ತಿಂದು ಸಾಕಾಗಿದೆ." ಮತ್ತೆ ಹೇಳಿದಳು, "ಕೆಲವರಿಗೆ ಜೊತೆಗೆ ಕಿವಿನೂ ಹೋಗತ್ತಂತೆ. ನಂಗೆ ಹಾಗಾಗ್ದಿದ್ರೆ ಸಾಕು. ಎಕ್ಸ್‌ಚೇಂಜಲ್ಲಿ ಬೋರ್ಡ್ ಈಗ ಅರ್ಧ ಕೈಯಲ್ಲೇ ಮುಟ್ಟಿ ಮುಟ್ಟಿ ನೋಡ್ತೀನಿ. ಕಿವಿ ಇದ್ರೆ ಹೇಗೋ ನಡಿಯತ್ತೆ."

ಯಾರಿಗೂ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಳು. ಅವಳ ತಂಗಿಗೆ ಗಂಡು ನೋಡುತ್ತಿದ್ದರು. ಮನೆಯಲ್ಲಿ ಇಂಥ ಕಾಯಿಲೆ ಇದೆಯೆಂದು ಗೊತ್ತಾದರೆ ಹೊರಗಿನ ಸಂಬಂಧ ಒಂದೂ ಬರುವುದಿಲ್ಲ. ತನಗೆ ಮದುವೆ ಬೇಡವೆಂದು ಅವಳು ಅದಾಗಲೇ ಮನೆಯಲ್ಲಿ ಹೇಳಿಯಾಗಿತ್ತು.

ಆಟ ಬಿಟ್ಟುಬಿಡುವ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮರುವಾರ ಮಾರ್ಕರಿಗೆ ಮಾತ್ರ ಹೇಳಿದೆವು. ಅವರು ತಲೆಯಾಡಿಸಿದರು. "ನಂಗೆ ಅನುಮಾನ ಇತ್ತಮ್ಮ. ಪಕ್ಕದಿಂದ ನೀರಿನ ಲೋಟ ಕೊಟ್ರೆ ನೀವು ತಗೋತಾನೇ ಇರ್ಲಿಲ್ಲ" ಎಂದು ಅವಳಿಗೆ ಹೇಳಿದರು. ಆಮೇಲೆ ಕೋರ್ಟಿನ ನಡುವೆ ನಿಂತು ಬಹಳ ಹೊತ್ತು ಯೋಚಿಸಿ, ನಮ್ಮಿಬ್ಬರ ಜಾಗ ಅದಲುಬದಲು ಮಾಡಿದರು.

ಈಗ ನಾನು ಎಡಕ್ಕೆ, ಅವಳು ಬಲಕ್ಕೆ. ಅವಳು ಬಲಗಡೆಯ ಗೆರೆಗೆ ಅಂಟಿಕೊಂಡಂತೆ ನಿಂತು ತನ್ನ ಎದುರಿನ ಓಣಿಯಷ್ಟು ಜಾಗ ಮಾತ್ರ ಕಾಯಬೇಕು. ಆ ಓಣಿಯಲ್ಲಿ ಬಂದ ಚೆಂಡು ಅವಳಿಗೆ ಕಾಣುತ್ತಿತ್ತು. ಉಳಿದ ಮುಕ್ಕಾಲು ಕೋರ್ಟು ನನ್ನದು. ನಡುವಿನ ಚೆಂಡೂ ನನ್ನದಾಯಿತು. ಬೆನ್ನ ಹಿಂದಿನ ಕೈಸನ್ನೆ ನಿಂತುಹೋಯಿತು. ಅದರ ಬದಲು ನಾನು ಪ್ರತಿ ಚೆಂಡಿಗೂ ಬಾಯಿಬಿಟ್ಟು ಕೂಗಬೇಕು. "ಎಡ" ಎಂದರೆ ಅವಳ ಎಡಕ್ಕೆ ಬರುತ್ತಿದೆ. "ಮೇಲೆ" ಎಂದರೆ ತಲೆಯ ಮೇಲಿಂದ ಹೋಗುತ್ತಿದೆ, ತಗ್ಗಿಕೋ. "ನಂದು" ಎಂದರೆ ನಾನು ಬರುತ್ತಿದ್ದೇನೆ, ನೀನು ನಿಂತಲ್ಲೇ ನಿಲ್ಲು. ನಾನು ಏನೂ ಕೂಗದಿದ್ದರೆ ಚೆಂಡು ಅವಳದ್ದು, ಅವಳು ಹೋಗಬೇಕು. ಮಾರ್ಕರು ಈ ಕೊನೆಯ ಮಾತನ್ನು ಹತ್ತು ಸಲ ಹೇಳಿದರು. "ನೀವು ಸುಮ್ನಿದ್ರೆ ಅವರು ಬರ್ತಾರೆ. ಜ್ಞಾಪಕ ಇಟ್ಕೊಳ್ಳಿ ಅಮ್ಮಾ."

ಒಂದು ವರ್ಷ ಇದು ನಡೆಯಿತು, ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ನಡೆಯಿತು. ಎದುರಾಳಿಗಳಿಗೆ ನಮ್ಮ ಜಾಗದ ಲೆಕ್ಕ ಅರ್ಥವಾಗುತ್ತಿರಲಿಲ್ಲ. ಮೊದಲು ನಮ್ಮನ್ನು ಸುಲಭವಾಗಿ ಸೋಲಿಸುತ್ತಿದ್ದ ಒಂದು ಜೋಡಿಯನ್ನು ಆ ವರ್ಷ ಸೋಲಿಸಿದೆವು. ಆ ದಿನ ಅವಳು ಬಸ್ಸಿನಲ್ಲಿ ನನ್ನ ಕೈ ಹಿಡಿದುಕೊಂಡು, "ಇನ್ನೈದು ವರ್ಷ ಆಡ್ಬೋದು ಕಣೇ" ಎಂದಳು. ನಾನೂ ಹೂಂ ಎಂದೆ. ಕೋರ್ಟಿನಲ್ಲಿ ನಾನು ಕೂಗುವುದನ್ನು ಕೇಳಿ ಜನ ನನ್ನನ್ನು ಬಜಾರಿ ಎಂದರು. ಅದಕ್ಕೆ ಅವಳು ನಕ್ಕಳು, ನಾನೂ ನಕ್ಕೆ.

ಎರಡನೇ ವರ್ಷ ಓಣಿ ಕಿರಿದಾಯಿತು. ಮೊದಲು ಎರಡು ಮಾರು ಅಗಲ ಕಾಣುತ್ತಿದ್ದದ್ದು ಒಂದು ಮಾರಾಯಿತು. ಎದುರಾಳಿಗಳಿಗೆ ಗುಟ್ಟು ಗೊತ್ತಾಗದಿದ್ದರೂ ದಾರಿ ಗೊತ್ತಾಯಿತು. ಅವಳ ಪಕ್ಕಕ್ಕೆ ಹೊಡೆದರೆ ಸಾಕು. ನಾನು ಒಂದು ಪಂದ್ಯ ಮುಗಿಸಿ ಮನೆಗೆ ಬಂದರೆ ಅನ್ನ ಕಲಸಲೂ ಕೈಯಲ್ಲಿ ಶಕ್ತಿ ಇರುತ್ತಿರಲಿಲ್ಲ. ಅದೇ ಹೊತ್ತಿಗೆ ಮಲ್ಲೇಶ್ವರದ ಒಬ್ಬ ಆಟಗಾರ್ತಿ, ನನಗಿಂತ ಚಿಕ್ಕವಳು, ಒಂದು ಪಂದ್ಯ ಮುಗಿದ ಮೇಲೆ ನನ್ನ ಪಕ್ಕದಲ್ಲಿ ಬಂದು ಕೂತು ಹೇಳಿದಳು.

"ನೀವು ನನ್ ಜೊತೆ ಆಡಿದ್ರೆ ಸ್ಟೇಟ್ ಗೆಲ್ಬೋದು. ಅವರ ಜೊತೆ ಯಾಕೆ ನಿಮ್ ಆಟ ಹಾಳ್ಮಾಡ್ಕೋತೀರಿ?"

ಇಲ್ಲ ಎಂದೆ. ಆದರೆ ಆ ಮಾತು ನನ್ನೊಳಗೆ ಉಳಿಯಿತು. ಕೂಗಿ ಕೂಗಿ ಗಂಟಲು ಕಟ್ಟಿದ ದಿನಗಳಲ್ಲಿ ಅದು ನೆನಪಾಗುತ್ತಿತ್ತು. ಅವಳು ಸುಲಭದ ಚೆಂಡು ಬಿಟ್ಟಾಗ, ಅವಳ ತಪ್ಪಲ್ಲವೆಂದು ಗೊತ್ತಿದ್ದೂ ನನ್ನ ಮುಖ ಗಂಟಾಗುತ್ತಿತ್ತು. ಅವಳಿಗೆ ನನ್ನ ಮುಖ ಕಾಣುವುದಿಲ್ಲವಲ್ಲ ಎಂದು ಅದನ್ನು ಮುಚ್ಚಿಡುವ ಗೋಜಿಗೂ ಹೋಗುತ್ತಿರಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಆ ವರ್ಷದ ಕೊನೆಯಲ್ಲಿ ಮಲ್ಲೇಶ್ವರದ ಒಂದು ಕ್ಲಬ್ಬಿನ ಪಂದ್ಯಾವಳಿಯಲ್ಲಿ ಹೇಗೋ ಫೈನಲ್ ತಲುಪಿದೆವು. ನಮ್ಮ ಪಂದ್ಯಗಳನ್ನೆಲ್ಲ ಬಿಸಿಲಿರುವಾಗಲೇ ಇಡಿ ಎಂದು ಮಾರ್ಕರು ಏನೇನೋ ನೆಪ ಹೇಳಿ ಕೇಳಿಕೊಳ್ಳುತ್ತಿದ್ದರು. ಫೈನಲ್ಲನ್ನೂ ಮಧ್ಯಾಹ್ನ ಎರಡಕ್ಕೆ ಇಟ್ಟಿದ್ದರು. ಒಂದೂವರೆಗೆ ಮಳೆ ಬಂತು. ಮಳೆ ನಿಂತು, ನೀರು ಬಳಿದು, ಮರಳು ಹಾಕಿ ಆಟ ಶುರುವಾದಾಗ ನಾಲ್ಕೂವರೆ. ಮೋಡ ಹಾಗೇ ಇತ್ತು. ಮೊದಲ ಸೆಟ್ ನಾವು ಗೆದ್ದೆವು, ಎರಡನೆಯದು ಸೋತೆವು. ಮೂರನೆಯದು ನಾಲ್ಕು ನಾಲ್ಕು ಆದಾಗ ಬೆಳಕು ಇಳಿಯುತ್ತಿತ್ತು.

ನೀರು ಕುಡಿಯುವಾಗ ನಾನು ಅವಳನ್ನು ಕೇಳಿದೆ, "ಕಾಣ್ತಿದ್ಯಾ?"

"ಚೂರು ಚೂರು."

"ಬೆಳಕು ಸಾಲ್ದು ಅಂತ ಅಂಪೈರಿಗೆ ಹೇಳೋಣ. ನಾಳೆ ಆಡೋಣ."

"ಬೇಡ. ಎಲ್ರಿಗೂ ಕಾಣ್ತಿರೋವಾಗ ನಮಗೆ ಮಾತ್ರ ಯಾಕೆ ಕಾಣಲ್ಲ ಅಂತ ಕೇಳ್ತಾರೆ. ಜನದಲ್ಲಿ ನಮ್ಮ ಕಡೆಯವರೂ ಇದಾರೆ. ನೀನು ಕೂಗು, ನಾನು ಆಡ್ತೀನಿ."

ನಾಲ್ಕು ಐದಾಯಿತು. ಮುಂದಿನ ಗೇಮ್ ಕಳೆದುಕೊಂಡರೆ ಪಂದ್ಯವೇ ಹೋಯಿತು. ಸರ್ವ್ ನನ್ನದು. ಒಂದು ಪಾಯಿಂಟ್ ಅವರಿಗೆ, ಒಂದು ನಮಗೆ, ಹೀಗೇ ಹೋಗಿ ಅವರಿಗೆ ಒಂದೇ ಪಾಯಿಂಟ್ ಬಾಕಿ ಉಳಿಯಿತು. ಎದುರಾಳಿ ನಮ್ಮಿಬ್ಬರ ನಡುವೆ ಹೊಡೆದಳು. ನಿಧಾನವಾದ, ಎತ್ತರಕ್ಕೆ ಪುಟಿದ ಚೆಂಡು. ನಾನು ಎಡದಿಂದ ಓಡಿದೆ. ಅದನ್ನು ಎಲ್ಲಿಗೆ ಹೊಡೆಯಬೇಕೆಂಬುದು ನನಗೆ ಸ್ಪಷ್ಟವಾಗಿ ಗೊತ್ತಿತ್ತು. ಆ ಒಂದು ಕ್ಷಣ ಕೋರ್ಟಿನಲ್ಲಿ ನಾನೊಬ್ಬಳೇ ಇದ್ದೇನೆ ಎಂಬಂತೆ ಓಡಿದೆ. ಎರಡು ವರ್ಷದಿಂದ ಪ್ರತಿ ಚೆಂಡಿಗೂ ಕೂಗಿದ್ದವಳು ಆ ಚೆಂಡಿಗೆ ಕೂಗಲಿಲ್ಲ.

ಕೂಗು ಕೇಳದೆ ಅವಳು ಹೇಳಿಕೊಟ್ಟ ಹಾಗೆ ನಡುವಿಗೆ ಬಂದಳು. ನಾನು ಬೀಸಿದ ಮರದ ರಾಕೆಟ್ಟಿನ ಅಂಚು ಅವಳ ಎಡಹುಬ್ಬಿನ ಮೇಲೆ ಬಿತ್ತು. ಆ ಸದ್ದು ನನಗೆ ಈಗಲೂ ಕೇಳುತ್ತದೆ. ಅವಳು ಕೂಗಲೂ ಇಲ್ಲ. ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಒದ್ದೆ ಮಣ್ಣಿನಲ್ಲಿ ಕೂತಳು. ಬೆರಳ ಸಂದಿಯಿಂದ ರಕ್ತ ಬಿಳಿ ಜುಬ್ಬದ ಮೇಲೆ ಇಳಿಯಿತು.

ಮಾರ್ಕರು ಟವೆಲ್ ಒತ್ತಿ ಹಿಡಿದರು. ಆಟೋದಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದೆವು. ಹುಬ್ಬಿಗೆ ಹೊಲಿಗೆ ಹಾಕಿದರು. ಹೊಲಿಗೆ ಮುಗಿದ ಮೇಲೆ ಅವಳು ನನ್ನ ಕೈಗಾಗಿ ತಡಕಾಡಿದಳು. ಕೈ ಕೊಟ್ಟೆ.

"ನೀನು ಕೂಗಿದ್ಯಾ?" ಎಂದು ಕೇಳಿದಳು. ಧ್ವನಿಯಲ್ಲಿ ಕೋಪವಿರಲಿಲ್ಲ. ತಿಳಿದುಕೊಳ್ಳಲು ಕೇಳಿದಳು, ಅಷ್ಟೆ.

"ಕೂಗ್ದೆ" ಎಂದೆ. "ನಿಂಗೆ ಕೇಳಿಸ್ಲಿಲ್ಲ ಅನ್ಸತ್ತೆ."

ಏಕೆ ಹಾಗೆಂದೆನೋ ಗೊತ್ತಿಲ್ಲ. ಭಯಕ್ಕೆ ಬಾಯಿಂದ ಬಂತು. ಅವಳು ಇನ್ನೊಂದು ಕೈಯಿಂದ ಕಿವಿ ಮುಟ್ಟಿ ನೋಡಿಕೊಂಡಳು. "ಹಾಗಾದ್ರೆ ಕಿವಿನೂ ಶುರುವಾಯ್ತು" ಎಂದಳು.

ಬಾಗಿಲ ಬಳಿ ನಿಂತಿದ್ದ ಮಾರ್ಕರು ನನ್ನನ್ನು ನೋಡಿದರು. ಹೊರಗೆ ಬಂದ ಮೇಲೆ ಮೆಲ್ಲಗೆ ಹೇಳಿದರು, "ನೆಟ್ ಕಂಬದ ಹತ್ರಾನೇ ನಿಂತಿದ್ದೆ ಅಮ್ಮಾ. ನೀವು ಕೂಗ್ಲಿಲ್ಲ. ಅವರಿಗೆ ಹೇಳ್ಬಿಡಿ. ಇವತ್ತೇ ಹೇಳ್ಬಿಡಿ." ನಾಳೆ ಹೇಳುತ್ತೇನೆ ಎಂದೆ.

ಮರುದಿನ ಹೇಳಲಾಗಲಿಲ್ಲ. ಅವಳ ಮನೆಯ ತುಂಬ ನೆಂಟರಿದ್ದರು. ಹೊಲಿಗೆ ಹಾಕಿದ ಡಾಕ್ಟರು ಕಣ್ಣಿಗೂ ಪೆಟ್ಟಾಗಿದೆಯೇ ಎಂದು ಉಪಕರಣ ಹಿಡಿದು ಒಳಗೆ ನೋಡಿ, ಕಾಯಿಲೆಯ ವಿಷಯವನ್ನು ಪಂದ್ಯ ನೋಡಿ ಹಿಂದೆಯೇ ಬಂದಿದ್ದ ಅವಳ ಅತ್ತೆಯೊಬ್ಬರ ಮುಂದೆಯೇ ಹೇಳಿಬಿಟ್ಟಿದ್ದರು. ವಾರದೊಳಗೆ ಅದು ಚಾಮರಾಜಪೇಟೆ ದಾಟಿ ತಂಗಿಗೆ ಗೊತ್ತುಮಾಡಿದ್ದ ಹುಡುಗನ ಮನೆಯವರಿಗೂ ತಲುಪಿತು. ಆ ಸಂಬಂಧ ಮುರಿಯಿತು. ಅವಳ ತಾಯಿ ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಮಗಳ ಬ್ಯಾಂಡೇಜಿನ ಸುತ್ತ ಜಾಗ ನೋಡಿ ವಿಭೂತಿ ಹಚ್ಚುತ್ತ, "ಕಾಫಿ ಕುಡ್ಕೊಂಡು ಹೋಗಮ್ಮ" ಎಂದರು. ನಾನು ಕುಡಿದು ಬಂದೆ.

ತಿಂಗಳಾದ ಮೇಲೆ ಅವಳ ತಂದೆ ಅವಳನ್ನು ಕಿವಿಯ ಡಾಕ್ಟರ ಬಳಿ ಕರೆದುಕೊಂಡು ಹೋದರು. ನಾನೂ ಹೋಗಿದ್ದೆ. ಕಿವಿಗೆ ಏನೇನೋ ಹಾಕಿ, ಸಣ್ಣ ಸಣ್ಣ ಸದ್ದು ಕೇಳಿಸಿ ಪರೀಕ್ಷೆ ಮಾಡಿದರು. ಎರಡು ಕಿವಿಯೂ ಚೆನ್ನಾಗಿವೆ ಎಂದರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಹೇಳಬೇಕಾದ ಮಾತು ಇನ್ನು ಹೇಳದಿದ್ದರೂ ನಡೆಯುತ್ತದೆ ಎಂದುಕೊಂಡೆ.

ಹೊರಗೆ ಮೆಟ್ಟಿಲಿಳಿಯುವಾಗ ಅವಳು ಹೇಳಿದಳು, "ಡಾಕ್ಟ್ರಿಗೇನು ಗೊತ್ತು? ನೀನು ಪಕ್ಕದಲ್ಲೇ ಇದ್ದೆ. ಅಷ್ಟು ಹತ್ರದಿಂದ ಕೂಗಿದ್ದೇ ಕೇಳಿಸ್ಲಿಲ್ಲ ಅಂದ್ಮೇಲೆ."

ಆಗಲೂ ನಾನು ಹೇಳಲಿಲ್ಲ.

ರಜೆ ಮುಗಿದ ಮೇಲೆ ಅವಳು ಎಕ್ಸ್‌ಚೇಂಜಿಗೆ ಹೋಗಲಿಲ್ಲ. ಬೋರ್ಡಿನ ದೀಪ ಕಾಣದೆ ತಪ್ಪುಗಳಾಗುತ್ತಿದ್ದವು, ಅದನ್ನು ಕಿವಿಯಿಂದ ಸರಿದೂಗಿಸುತ್ತಿದ್ದಳು. ಈಗ ಅದರ ಮೇಲೂ ನಂಬಿಕೆ ಹೋಯಿತು. ಯಾರದೋ ಸಾವಿನ ಸುದ್ದಿಯನ್ನು ತಪ್ಪು ನಂಬರಿಗೆ ಕೊಟ್ಟುಬಿಟ್ಟರೆ ಏನು ಗತಿ ಎಂದು ಹೆದರಿದಳು. ಬೇರೆ ಸೀಟು ಕೊಡುತ್ತೇವೆ ಎಂದು ಮೇಲ್ವಿಚಾರಕಿ ಮನೆಗೇ ಬಂದು ಹೇಳಿದರು. ಅವಳು ರಾಜೀನಾಮೆ ಬರೆದುಕೊಟ್ಟಳು. ಆ ಕಾಗದಕ್ಕೆ ಎಲ್ಲಿ ಸಹಿ ಮಾಡಬೇಕೆಂದು ಬೆರಳಿಟ್ಟು ತೋರಿಸಿದ್ದು ನಾನೇ.

ಮುಂದಿನ ವರ್ಷ ನಾನು ಮಲ್ಲೇಶ್ವರದ ಆ ಆಟಗಾರ್ತಿಯ ಜೊತೆ ಆಡಿದೆ. ಮೊದಲ ಪಂದ್ಯದಲ್ಲೇ ಅಭ್ಯಾಸಬಲದಿಂದ "ಎಡ", "ಮೇಲೆ", "ನಂದು" ಎಂದು ಕೂಗತೊಡಗಿದೆ. ಮೂರನೇ ಗೇಮಿಗೆ ಆ ಹುಡುಗಿ ಸಿಡಿಮಿಡಿಗೊಂಡಳು. "ನಂಗೆ ಕಾಣತ್ತೆ ಕಣ್ರೀ, ಸ್ವಲ್ಪ ಸುಮ್ನಿರಿ." ಸುಮ್ಮನಾದೆ. ನಾವು ಎರಡು ಪಂದ್ಯಾವಳಿ ಗೆದ್ದೆವು. ಎರಡರ ಕಪ್ಪನ್ನೂ ಆ ಹುಡುಗಿಯೇ ಇಟ್ಟುಕೊಳ್ಳಲಿ ಎಂದು ಕೊಟ್ಟೆ. ಆಮೇಲೆ ನನ್ನ ಮದುವೆಯಾಯಿತು, ರಾಕೆಟ್ ಹಿಡಿಯಲಿಲ್ಲ. ಮಾರ್ಕರು ಮದುವೆಗೆ ಬಂದು ಅಕ್ಷತೆ ಹಾಕಿ, ಊಟ ಮಾಡದೆ ಹೊರಟುಹೋದರು.

ಎಂಬತ್ತರ ದಶಕ ಶುರುವಾಗಿತ್ತು. ನಾನು ತಿಂಗಳಿಗೊಮ್ಮೆಯಾದರೂ ಚಾಮರಾಜಪೇಟೆಗೆ ಹೋಗುತ್ತಿದ್ದೆ. ಅವಳ ತಂಗಿಗೆ ಹೊರಗಿನ ಸಂಬಂಧ ಯಾವುದೂ ಕೂಡಿಬರಲಿಲ್ಲ. ಕೊನೆಗೆ ತಾಯಿಯ ಕೊನೆಯ ತಮ್ಮನಿಗೇ ಕೊಟ್ಟರು. ಸಂಬಂಧದಲ್ಲೇ ಮದುವೆಯಾಗಿದೆಯೇ ಎಂದು ಕಣ್ಣಿನ ಡಾಕ್ಟರು ಕೇಳಿದ್ದು ಮನೆಯಲ್ಲಿ ಎಲ್ಲರಿಗೂ ನೆನಪಿತ್ತು. ಆದರೆ ಬೇರೆ ಗಂಡು ಯಾರೂ ಇರಲಿಲ್ಲ. ಆ ಮದುವೆಯಲ್ಲಿ ನಗುತ್ತಿದ್ದವರು ಯಾರೂ ಇರಲಿಲ್ಲ.

ಅವಳಿಗೆ ಆ ಹೊತ್ತಿಗೆ ಎದುರಿನದು ಒಂದು ಬೊಗಸೆಯಷ್ಟು ಕಾಣುತ್ತಿತ್ತು. ಅದಕ್ಕಿಂತ ನನ್ನನ್ನು ಹಿಂಡುತ್ತಿದ್ದದ್ದು ಬೇರೆ. ಯಾರು ಏನು ಹೇಳಿದರೂ ಅವಳು, "ಜೋರಾಗಿ ಹೇಳಿ" ಎನ್ನುತ್ತಿದ್ದಳು. ಸಣ್ಣ ಮಾತು ಕೇಳಿಸಿದರೂ ತಾನು ತಪ್ಪು ಕೇಳಿಸಿಕೊಂಡೆ ಎಂದೇ ಭಾವಿಸಿ ಎರಡು ಸಲ ಕೇಳುತ್ತಿದ್ದಳು. ಮನೆಯವರೆಲ್ಲ ಅವಳ ಮುಂದೆ ಕೂಗಿ ಮಾತಾಡುವುದನ್ನು ಅಭ್ಯಾಸ ಮಾಡಿಕೊಂಡಿದ್ದರು. ಅವಳ ತಾಯಿ ಅಡುಗೆಮನೆಯಿಂದ, "ಸಾರಿಗೆ ಉಪ್ಪು ಸಾಕೇನೇ?" ಎಂದು ಬೀದಿಗೆ ಕೇಳುವ ಹಾಗೆ ಕೂಗುತ್ತಿದ್ದರು. ಎರಡು ಕಿವಿಯೂ ನೆಟ್ಟಗಿದ್ದ ಹೆಂಗಸಿನ ಸುತ್ತ ಇಡೀ ಮನೆ ಕೂಗುತ್ತಿತ್ತು. ಅವಳು ಅದನ್ನು ಸಹಿಸಿಕೊಂಡು ಕೂತಿರುತ್ತಿದ್ದಳು.

ಒಂದು ಭಾನುವಾರ ಮಧ್ಯಾಹ್ನ ನನ್ನಿಂದ ತಡೆಯಲಾಗಲಿಲ್ಲ. ಅವಳ ತಾಯಿ ಹಿತ್ತಲಲ್ಲಿ ಸಂಡಿಗೆ ಒಣಹಾಕುತ್ತಿದ್ದರು. ಅವಳು ನಡುಮನೆಯ ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಮಾಮೂಲು ಧ್ವನಿಯಲ್ಲಿ ಹೇಳಿದೆ.

"ಅವತ್ತು ನಾನು ಕೂಗ್ಲಿಲ್ಲ. ನಿನ್ನ ಕಿವಿಗೆ ಏನೂ ಆಗಿಲ್ಲ. ನಾನು ಸುಳ್ಳು ಹೇಳ್ದೆ."

ಅವಳು "ಜೋರಾಗಿ ಹೇಳು" ಎನ್ನಲಿಲ್ಲ. ಗೋಡೆ ಬಿಟ್ಟು ನೆಟ್ಟಗೆ ಕೂತಳು. ಆಮೇಲೆ ಕೇಳಿದಳು.

"ಕಿವಿ ಡಾಕ್ಟ್ರ ಹತ್ರ ಹೋದಾಗ್ಲೂ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ರಾಜೀನಾಮೆ ಬರೆಯೋವಾಗ?"

"ಹೂಂ."

"ಯಾಕೆ ಹೇಳ್ಲಿಲ್ಲ?"

ಕಾರಣಗಳನ್ನು ಹುಡುಕಿದೆ. ಹೆದರಿಕೆಯಾಯಿತು ಎಂದೆ. ಆಮೇಲೆ ತಡವಾಯಿತು, ಹೇಳುವುದು ದಿನೇ ದಿನೇ ಕಷ್ಟವಾಯಿತು ಎಂದೆ. ನೀನು ನನ್ನನ್ನು ಬಿಟ್ಟುಬಿಡುತ್ತೀಯ ಎಂದುಕೊಂಡೆ ಎಂದೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು.

"ರಾಕೆಟ್ ತಾಗಿದ್ದಕ್ಕೆ ನಾನು ಒಂದಿನನಾದ್ರೂ ಬೈದ್ನಾ?" ಎಂದಳು. "ಆಟದಲ್ಲಿ ಆಗತ್ತೆ. ಎಲ್ರಿಗೂ ಆಗತ್ತೆ. ಆ ಕೆಲಸ ನಂಗೆ ಏನಾಗಿತ್ತು ಅಂತ ನಿಂಗೊಬ್ಬಳಿಗೇ ಗೊತ್ತಿತ್ತು."

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಕೈಯನ್ನು ಸೆರಗಿನೊಳಗೆ ತೆಗೆದುಕೊಂಡಳು.

"ನೀನಿನ್ನು ಹೊರಡು" ಎಂದಳು.

ಮುಂದಿನ ತಿಂಗಳು ಹೋದೆ. ಅವಳ ತಾಯಿ ಬಾಗಿಲಲ್ಲೇ ನಿಂತು, ಅವಳಿಗೆ ತಲೆನೋವು, ಮಲಗಿದ್ದಾಳೆ ಎಂದರು. ಅದರ ಮುಂದಿನ ತಿಂಗಳೂ ಹಾಗೇ ಆಯಿತು. ಒಂದು ಕಾಗದ ಬರೆದು, ಓದಿ ಹೇಳಿ ಎಂದು ಅವಳ ತಾಯಿಯ ಕೈಗೆ ಕೊಟ್ಟು ಬಂದೆ. ಉತ್ತರ ಬರಲಿಲ್ಲ. ಬ್ಯಾಂಕಿನವರು ನನ್ನನ್ನು ತುಮಕೂರಿಗೆ ವರ್ಗ ಮಾಡಿದರು. ಹೊರಡುವ ಮೊದಲು ಮಾರ್ಕರನ್ನು ಕಾಣಲು ಮಾವಳ್ಳಿಗೆ ಹೋದೆ. ಅವರಿಗೆ ಪಾರ್ಶ್ವವಾಯು ಬಡಿದಿತ್ತು, ಗುರುತು ಹಿಡಿದರೋ ಇಲ್ಲವೋ ತಿಳಿಯಲಿಲ್ಲ.

ಕೊನೆಯ ಸಲ ಚಾಮರಾಜಪೇಟೆಯ ಆ ಮನೆಗೆ ಹೋದಾಗ ಬಾಗಿಲು ತೆಗೆದದ್ದು ಅವಳ ತಮ್ಮ. ಅವನ ಕಣ್ಣು ನನ್ನ ಭುಜದಾಚೆ ಎಲ್ಲೋ ನಿಂತಿತ್ತು. "ಯಾರು?" ಎಂದ. ಹೆಸರು ಹೇಳಿದೆ. ಅವನು ಒಳಗೆ ಹೋಗಿ ಬಂದ.

"ಅಕ್ಕ ಮಲಗಿದಾಳೆ" ಎಂದ.

ಒಳಗೆ ಅವಳು ತಾಯಿಯೊಂದಿಗೆ ಮಾತಾಡುತ್ತಿದ್ದಳು. ಇಬ್ಬರೂ ಮೆಲ್ಲಗೆ ಮಾತಾಡುತ್ತಿದ್ದರು, ಏನೆಂದು ನನಗೆ ಕೇಳಿಸಲಿಲ್ಲ. ತಮ್ಮ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ನಾನು ಹೋಗುವುದನ್ನೇ ಕಾಯುತ್ತ ನಿಂತಿದ್ದ. ಸರಿಯಪ್ಪ ಎಂದು ಹೇಳಿ ಮೆಟ್ಟಿಲಿಳಿದೆ. ಮತ್ತೆ ಆ ಮನೆಗೆ ಹೋಗಲಿಲ್ಲ.